ಸ್ಕ್ರೀನ್‌ಶಾಟ್ ಸಾಲದು, ಲಿಂಕ್ ಬೇಕು

"ಮೇಡಂ, ನನ್ನ ಪುಸ್ತಕದ ಪಿಡಿಎಫ್ ಇಂಟರ್ನೆಟ್‌ನಲ್ಲಿ ಬಂದುಬಿಟ್ಟಿದೆ. ಹೇಗಾದರೂ ಮಾಡಿ ತೆಗೆಸಿಕೊಡಿ." ವಕೀಲೆಯಾದ ನನಗೆ ಬರುವ ಇಂಥ ಮೆಸೇಜಿನ ಜೊತೆ ಒಂದು ಸ್ಕ್ರೀನ್‌ಶಾಟ್ ಬಂದೇ ಬರುತ್ತದೆ. ಯಾರೋ ಅವರಿಗೆ ಕಳಿಸಿದ್ದನ್ನು ಅವರು ನನಗೆ ಕಳಿಸಿರುತ್ತಾರೆ. ಅದರಲ್ಲಿ ಪುಸ್ತಕದ ಮುಖಪುಟ ಕಾಣುತ್ತದೆ. ಅದು ಎಲ್ಲಿದೆ ಎಂಬುದು ಕಾಣುವುದಿಲ್ಲ. ಲಿಂಕ್ ಕಳಿಸಿ ಎನ್ನುತ್ತೇನೆ. ಇನ್ನೂ ಎರಡು ಸ್ಕ್ರೀನ್‌ಶಾಟ್ ಬರುತ್ತವೆ.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಖರ್ಚಾದರೆ ಅದೇ ದೊಡ್ಡ ಮಾತು. ವರ್ಷಗಟ್ಟಲೆ ಕೂತು ಬರೆದದ್ದನ್ನು ಯಾರೋ ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ 'ಇಂಟರ್ನೆಟ್‌ನಿಂದ ತೆಗೆಸಿ' ಎಂದು ಅರ್ಜಿ ಹಾಕಲು ಇಂಟರ್ನೆಟ್‌ಗೆ ಒಂದು ಕಚೇರಿ ಇಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ ನಿಮ್ಮ ಪುಸ್ತಕದ ಪ್ರತಿಯೊಂದು ಕಳ್ಳ ಪ್ರತಿಯೂ ಯಾವುದೋ ಒಂದು ಕಂಪನಿಯ ಸರ್ವರ್‌ನಲ್ಲಿ, ಒಂದು ನಿರ್ದಿಷ್ಟ ವಿಳಾಸದಲ್ಲಿ ಇರುತ್ತದೆ. ಆ ವಿಳಾಸವೇ ಲಿಂಕ್. ಹತ್ತು ಕಡೆ ಇದ್ದರೆ ಹತ್ತು ಲಿಂಕ್. ಅದಿಲ್ಲದೆ ದೂರು ಕೊಡುವುದೆಂದರೆ, ಸರ್ವೆ ನಂಬರ್ ಇಲ್ಲದೆ ಜಮೀನಿನ ಒತ್ತುವರಿ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಹಾಗೆ.

ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗುತ್ತದೆ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಯೂಟ್ಯೂಬ್‌ನಲ್ಲಿ ಚಾನೆಲ್ಲಿನ ಲಿಂಕ್ ಬೇರೆ, ವಿಡಿಯೋದ ಲಿಂಕ್ ಬೇರೆ. ನಮಗೆ ಬೇಕಾದದ್ದು ವಿಡಿಯೋದ್ದು. ವಿಡಿಯೋದ ಕೆಳಗೆ ಶೇರ್ ಒತ್ತಿ, ಕಾಪಿ ಲಿಂಕ್ ಒತ್ತಿದರೆ ಸಿಗುತ್ತದೆ. ಅದರಲ್ಲಿ ಹನ್ನೊಂದು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಪ್ರತಿ ವಿಡಿಯೋಗೂ ಅದು ಬೇರೆ ಬೇರೆ. ಫೇಸ್‌ಬುಕ್‌ನಲ್ಲಿ ಪೋಸ್ಟ್ ಹಾಕಿದವರ ಹೆಸರಿನ ಕೆಳಗೆ ದಿನಾಂಕ ಅಥವಾ ಸಮಯ ಇರುತ್ತದಲ್ಲ, ಕಂಪ್ಯೂಟರಿನಲ್ಲಿ ಅದರ ಮೇಲೆ ಕ್ಲಿಕ್ ಮಾಡಿದರೆ ಆ ಒಂದು ಪೋಸ್ಟಿನ ಪುಟ ತೆರೆಯುತ್ತದೆ. ಆಗ ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸ ಬೇಕು. ಟೆಲಿಗ್ರಾಂನ ಸಾರ್ವಜನಿಕ ಚಾನೆಲ್ ಆದರೆ ಆ ಮೆಸೇಜಿನದೇ ಲಿಂಕ್ ಕಾಪಿ ಮಾಡಬಹುದು. ಅದರ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಫೋಟೋ ಕದ್ದಿದ್ದರೆ ಎರಡು ವಿಳಾಸ ಬೇಕು: ಫೋಟೋ ಕಾಣುವ ಪುಟದ್ದು ಒಂದು, ಆ ಫೋಟೋ ಫೈಲಿನದ್ದು ಇನ್ನೊಂದು. ವೆಬ್‌ಸೈಟಿನ ಹೆಸರು ಮಾತ್ರ ಬರೆದು ಕಳಿಸಿದರೆ ಏನೂ ಕೊಡದ ಹಾಗೆಯೇ.

ಶಿವಮೊಗ್ಗದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಹಿಂದೆ ವಾರಪತ್ರಿಕೆಗಳಲ್ಲಿ ಬಂದಿದ್ದ ಅವರ ಕಥೆಗಳನ್ನು ಯಾರೋ ಒಂದು ಚಾನೆಲ್ಲಿನಲ್ಲಿ ಓದಿ ಹಾಕುತ್ತಿದ್ದರು. ಹೆಸರು ಬದಲಾಯಿಸಿದ್ದರು, ಲೇಖಕಿಯ ಸುಳಿವೇ ಇರಲಿಲ್ಲ. ಒಂದು ಕಥೆಯ ಕೊನೆಯನ್ನೂ ತಿದ್ದಿದ್ದರು. ಅವರಿಗೆ ಕಳ್ಳತನಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತ್ತು. ಚಾನೆಲ್ಲಿನ ಹೆಸರು ಬರೆದ ಚೀಟಿ ತಂದಿದ್ದರು. ಸಾಲದು ಎಂದೆ. ಮುಂದಿನ ವಾರ ಅವರ ಅಣ್ಣನ ಮಗಳು ಒಂದು ಪಟ್ಟಿ ಮಾಡಿಕೊಂಡು ಬಂದಳು. ವಿಡಿಯೋದ ಲಿಂಕ್, ಚಾನೆಲ್ಲಿನವರು ಇಟ್ಟ ಹೆಸರು, ಕಥೆಯ ಮೂಲ ಹೆಸರು, ಯಾವ ಪತ್ರಿಕೆಯ ಯಾವ ಸಂಚಿಕೆ, ವಿಡಿಯೋದಲ್ಲಿ ಎಷ್ಟನೇ ನಿಮಿಷಕ್ಕೆ ಕಥೆ ಶುರು. ಹಾಗೆ ಪಟ್ಟಿ ಮಾಡುವಾಗಲೇ ಒಂದು ವಿಷಯ ಗೊತ್ತಾಯಿತು: ಅತ್ತೆ ತಮ್ಮದು ಅಂದುಕೊಂಡಿದ್ದ ಒಂದು ವಿಡಿಯೋ ಬೇರೆ ಯಾರದೋ ಕಥೆ. ಅದನ್ನು ಬಿಟ್ಟು ಉಳಿದವಕ್ಕೆ ನೋಟಿಸ್ ಹಾಕಿದೆವು. ಒಂದೊಂದಾಗಿ ಎಲ್ಲ ಹೋದವು. ಅಂಥ ಪಟ್ಟಿ ಕೈಗೆ ಬಂದರೆ ವಕೀಲರ ಅರ್ಧ ಕೆಲಸ ಮುಗಿದ ಹಾಗೆ. ನಿಮ್ಮ ಫೀಸೂ ಉಳಿಯುತ್ತದೆ.

ಇದು ನನ್ನ ಹಟ ಅಂದುಕೊಳ್ಳಬೇಡಿ. ಕಾನೂನೇ ಹಾಗಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52(1)(ಸಿ) ಕಲಂ ಮತ್ತು 2013ರ ನಿಯಮಗಳಲ್ಲಿ 75ನೇ ನಿಯಮ ನೋಡಿ. ದೂರು ಬರವಣಿಗೆಯಲ್ಲಿರಬೇಕು. ಕೃತಿ ಯಾವುದು, ಹಕ್ಕು ನಿಮ್ಮದೇ ಎನ್ನುವುದಕ್ಕೆ ಏನು ಆಧಾರ, ಕಳ್ಳ ಪ್ರತಿ ಯಾವ ಜಾಗದಲ್ಲಿದೆ, ಇಷ್ಟನ್ನೂ ಹೇಳಬೇಕು. ದೂರು ಸರಿ ಇದೆ ಎಂದು ಮನವರಿಕೆಯಾದರೆ ಕಳ್ಳ ಪ್ರತಿಯನ್ನು ಇಟ್ಟುಕೊಂಡಿರುವ ಸಂಸ್ಥೆ 36 ಗಂಟೆಯೊಳಗೆ ಅದು ಯಾರಿಗೂ ಸಿಗದ ಹಾಗೆ ಮಾಡಬೇಕು. ಆದರೆ ಅದು 21 ದಿನದ ಮಟ್ಟಿಗೆ. ಅಷ್ಟರಲ್ಲಿ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಈ ಎರಡನೇ ಭಾಗ ಜನರಿಗೆ ಗೊತ್ತೇ ಇರುವುದಿಲ್ಲ.

2016ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮೈಸ್ಪೇಸ್ ಎಂಬ ಜಾಲತಾಣದ ಪ್ರಕರಣದಲ್ಲಿ ಇದೇ ಮಾತು ಹೇಳಿತು. ನಮ್ಮ ಹಾಡುಗಳು ನಿಮ್ಮಲ್ಲಿವೆ ಎಂದು ಟಿ-ಸೀರೀಸ್ ಹಾಡುಗಳ ಕಂಪನಿ ಸೂಪರ್ ಕ್ಯಾಸೆಟ್ಸ್ ತನ್ನ ಹಾಡುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿತ್ತು. ಹೆಸರುಗಳ ಪಟ್ಟಿ ಸಾಲದು, ಎಲ್ಲಿದೆ ಎಂದು ನಿರ್ದಿಷ್ಟವಾಗಿ ತೋರಿಸಬೇಕು ಎಂದಿತು ಕೋರ್ಟ್. ಅಷ್ಟು ದೊಡ್ಡ ಕಂಪನಿಗೇ ಹಾಗೆ ಹೇಳಿದ ಮೇಲೆ ನಮ್ಮ ಸ್ಕ್ರೀನ್‌ಶಾಟ್ ಯಾವ ಲೆಕ್ಕ?

ಅಮೆರಿಕದ ಕಂಪನಿಗಳ ಫಾರ್ಮು ತುಂಬುವಾಗ ನೀವು ಬಳಸುತ್ತಿರುವುದು ಅವರ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆಯ ದಾರಿ. ಅಲ್ಲೂ ಜಾಗ ತೋರಿಸಲೇಬೇಕು. ಅಲ್ಲಿ ಎದುರಿನವರು 'ಇದು ನನ್ನದೇ' ಎಂದು ಪ್ರತಿ ನೋಟಿಸ್ ಕೊಡಬಹುದು. ಕೊಟ್ಟರೆ ಕೆಲವೇ ದಿನಗಳಲ್ಲಿ ನೀವು ಕೋರ್ಟಿಗೆ ಹೋಗಬೇಕು, ಇಲ್ಲವಾದರೆ ವಿಡಿಯೋ ವಾಪಸ್ ಬರುತ್ತದೆ. ನಿಮ್ಮ ಹೆಸರು ಎದುರಿನವರಿಗೆ ತಿಳಿಯುತ್ತದೆ ಎಂಬುದೂ ನೆನಪಿರಲಿ.

ಕಾಪಿರೈಟ್ ನೋಂದಣಿ ಮಾಡಿಸಿಲ್ಲವಲ್ಲ ಎಂದು ಹೆದರುವವರಿದ್ದಾರೆ. ಹಕ್ಕು ಹುಟ್ಟುವುದಕ್ಕೆ ನೋಂದಣಿ ಬೇಡ, ಬರೆದ ಕೂಡಲೇ ಹುಟ್ಟುತ್ತದೆ. ನೋಂದಣಿ ಇದ್ದರೆ ಕೋರ್ಟಿನಲ್ಲಿ ಆಧಾರವಾಗಿ ಉಪಯೋಗಕ್ಕೆ ಬರುತ್ತದೆ, ಅಷ್ಟೆ. ಅದಕ್ಕಿಂತ ಮುಖ್ಯ, ಹಕ್ಕು ಈಗ ಯಾರ ಬಳಿ ಇದೆ ಎಂಬುದು. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಅಚ್ಚಾಗಿವೆ. ಬರವಣಿಗೆಯಲ್ಲಿ ಸಹಿ ಹಾಕಿ ಕೊಡದಿದ್ದರೆ ಹಕ್ಕು ಪ್ರಕಾಶಕರಿಗೆ ಹೋಗುವುದಿಲ್ಲ. ಬರೆದು ಕೊಟ್ಟಿದ್ದೀರಿ, ಅವಧಿ ಹಾಕಿಲ್ಲ ಎಂದರೆ ಸಾಮಾನ್ಯವಾಗಿ ಐದು ವರ್ಷ ಎಂದು ಕಾಯ್ದೆ ಲೆಕ್ಕ ಹಿಡಿಯುತ್ತದೆ. ಹಳೆಯ ಒಪ್ಪಂದಗಳ ವಿಚಾರದಲ್ಲಿ ಎಚ್ಚರ ಬೇಕು, ಕಾಗದ ನೋಡದೆ ನಾನು ಏನನ್ನೂ ಖಚಿತವಾಗಿ ಹೇಳುವುದಿಲ್ಲ.

ಲಿಂಕ್ ಸಿಕ್ಕ ಮೇಲೆ ಜನ ಮಾಡುವ ಮೊದಲ ಕೆಲಸ ಏನು ಗೊತ್ತೇ? ಅಲ್ಲೇ ಕಾಮೆಂಟಿನಲ್ಲಿ ಬೈಯುವುದು. ಸ್ನೇಹಿತರಿಗೆಲ್ಲ ಹೇಳಿ ಅವರಿಂದಲೂ ಬೈಸುವುದು. ಕದ್ದವನು ಅದನ್ನು ಅಳಿಸಿ ಬೇರೆ ಹೆಸರಿನಲ್ಲಿ ಹಾಕಿಕೊಳ್ಳುತ್ತಾನೆ. ವಿಳಾಸ ಹೋಯಿತು, ಸಾಕ್ಷಿಯೂ ಹೋಯಿತು. ದಯವಿಟ್ಟು ಸ್ವಲ್ಪ ಸುಮ್ಮನಿರಿ. ಮೊದಲು ಪುಟವನ್ನು ಪೂರ್ತಿ, ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ, ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಉಪಯೋಗಕ್ಕೆ ಬರುವುದು ಇಲ್ಲಿ. ವೆಬ್ ಪುಟಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಆ ಪುಟವನ್ನು ಸೇವ್ ಮಾಡಿಡಿ. ಎಲ್ಲ ಪುಟಗಳೂ ಅಲ್ಲಿ ಉಳಿಯುವುದಿಲ್ಲ, ಆದರೂ ಪ್ರಯತ್ನಿಸಿ. ಕೇಸು ನಡೆದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಯಾವ ಫೋನಿನಲ್ಲಿ, ಯಾರು ಸೇವ್ ಮಾಡಿದರು ಎಂದು ಬರೆದಿಡಿ.

ಗೂಗಲ್‌ನಿಂದ ತೆಗೆಸಿದರೆ ಆಯಿತು ಎನ್ನುವವರಿಗೂ ಒಂದು ಮಾತು. ಗೂಗಲ್ ಹುಡುಕಾಟದಿಂದ ಹೋದರೆ ಹುಡುಕಿದವರಿಗೆ ಕಾಣುವುದಿಲ್ಲ, ಆದರೆ ಆ ವೆಬ್‌ಸೈಟಿನಲ್ಲಿ ಫೈಲ್ ಹಾಗೇ ಇರುತ್ತದೆ. ಎರಡೂ ಕಡೆ ಬೇರೆ ಬೇರೆ ದೂರು ಕೊಡಬೇಕು. ಗೂಗಲ್‌ಗೆ ಕೊಟ್ಟ ದೂರಿನ ಪ್ರತಿ, ಇಂಥ ದೂರುಗಳನ್ನು ಸಾರ್ವಜನಿಕವಾಗಿ ಇಡುವ ಲ್ಯೂಮೆನ್ ಎಂಬ ದತ್ತಾಂಶ ಸಂಗ್ರಹಕ್ಕೆ ಹೋಗಬಹುದು. ಆದ್ದರಿಂದ ದೂರಿನಲ್ಲಿ ಸಿಟ್ಟಿನ ಮಾತು, ಮನೆಯ ವಿಚಾರ ಬರೆಯಬೇಡಿ.

ಇನ್ನು ವಾಟ್ಸ್ಆ್ಯಪ್. ಗುಂಪಿನೊಳಗೆ ಹೋದ ಪಿಡಿಎಫ್‌ಗೆ ಸಾರ್ವಜನಿಕ ವಿಳಾಸ ಇರುವುದಿಲ್ಲ. ಜನರ ಫೋನಿಗೆ ಇಳಿದದ್ದನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ, ಆದರೆ ಸುಳ್ಳು ಭರವಸೆ ಕೊಟ್ಟು ಫೀಸು ತೆಗೆದುಕೊಳ್ಳಲಾರೆ. ಅಂಥ ಕಡೆ ಅದು ಮೊದಲು ಎಲ್ಲಿಂದ ಬಂತು ಎಂದು ಹುಡುಕುವುದೇ ಮೇಲು. ಗೂಗಲ್ ಡ್ರೈವ್ ಲಿಂಕ್ ಒಂದು ಸಿಕ್ಕರೆ ಅದನ್ನು ಮುಚ್ಚಿಸಬಹುದು.

ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಬರೆಯುವವರಿಗೆ ಹೆಚ್ಚು ತೊಂದರೆ ಟೆಲಿಗ್ರಾಂನಿಂದ. ಒಂದು ಚಾನೆಲ್ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಅಲ್ಲಿ ಸ್ವಲ್ಪ ಭರವಸೆ ಕೊಟ್ಟದ್ದು 2022ರ ಆಗಸ್ಟ್‌ನ ದೆಹಲಿ ಹೈಕೋರ್ಟ್ ಆದೇಶ. ಶಿಕ್ಷಕಿ ನೀತು ಸಿಂಗ್ ಹಾಕಿದ್ದ ಕೇಸಿನಲ್ಲಿ, ಪಾಠಗಳನ್ನು ಕದ್ದು ಹಂಚುತ್ತಿದ್ದ ಚಾನೆಲ್‌ಗಳ ಹಿಂದೆ ಯಾರಿದ್ದಾರೆ ಎಂಬ ವಿವರ ಕೊಡಿ ಎಂದು ಕೋರ್ಟ್ ಟೆಲಿಗ್ರಾಂಗೆ ಹೇಳಿತು. ಸರ್ವರ್ ಸಿಂಗಾಪುರದಲ್ಲಿದೆ ಎಂಬ ಟೆಲಿಗ್ರಾಂನ ನೆಪವನ್ನು ಒಪ್ಪಲಿಲ್ಲ. ಧಾರವಾಡದ ನೋಟ್ಸ್ ಲೇಖಕರು ದೆಹಲಿಗೇ ಹೋಗಬೇಕಿಲ್ಲ. ಕಾಪಿರೈಟ್ ಕೇಸನ್ನು ನೀವು ವಾಸವಿರುವ ಅಥವಾ ವ್ಯವಹಾರ ಮಾಡುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಲು ಕಾಪಿರೈಟ್ ಕಾಯ್ದೆಯ 62ನೇ ಕಲಂ ಅವಕಾಶ ಕೊಡುತ್ತದೆ. ಅಲ್ಲಿಗೂ ಚಾನೆಲ್ಲಿನ ಲಿಂಕ್, ಮೆಸೇಜಿನ ಲಿಂಕ್ ಎರಡೂ ಬೇಕು.

ತೆಗೆಸಿದ್ದು ಮತ್ತೆ ಬರುತ್ತದೆಯೇ ಎಂದು ಕೇಳುತ್ತೀರಿ. ಬರಬಹುದು, ಹೊಸ ವಿಳಾಸದಲ್ಲಿ. ಅದಕ್ಕೆ ಹೊಸ ದೂರು. ನಿಮ್ಮ ಬರಹದಿಂದ ನೀವು ಮಾತ್ರ ಬರೆಯಬಲ್ಲಂಥ ಒಂದು ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ತಿಂಗಳಿಗೊಮ್ಮೆ ಗೂಗಲ್‌ನಲ್ಲಿ ಹುಡುಕಿ. ಸಿಕ್ಕಿದ್ದನ್ನು ದಿನಾಂಕ ಹಾಕಿ ಪಟ್ಟಿಗೆ ಸೇರಿಸಿ. ಕಣ್ಣು ಮಂಜಾಗಿದ್ದರೆ ಮನೆಯ ಹುಡುಗರಿಗೆ ಈ ಕೆಲಸ ಒಪ್ಪಿಸಿ. ಅವರು ನಮಗಿಂತ ಬೇಗ ಮಾಡುತ್ತಾರೆ.