ಎರಡು ದಿನದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಮುಗಿಸಬಹುದಾ?

ಪ್ರಶ್ನೆ: ನಾವು ಒಟ್ಟು ಆರು ಜನ. ಅದರಲ್ಲಿ ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ನೋಡಿ ರಾತ್ರಿ ಚಿಕ್ಕಮಗಳೂರಲ್ಲಿ ಉಳಿಯೋದು. ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೆಬ್ಬೆ ಫಾಲ್ಸ್ ಮುಗಿಸಿ, ಸಕಲೇಶಪುರದ ಮಂಜರಾಬಾದ್ ಕೋಟೆ ನೋಡ್ಕೊಂಡು ರಾತ್ರಿ ವಾಪಸ್. ಮ್ಯಾಪ್ ನೋಡಿದ್ರೆ ಆಗುತ್ತೆ ಅನ್ಸುತ್ತೆ. ಆಗುತ್ತಾ?

ಉತ್ತರ: ಆಗಲ್ಲ. ನಿಮ್ಮ ಕಾರು ಬೇಕಾದರೆ ಇಷ್ಟೂ ಜಾಗ ಸುತ್ತಿ ಬರಬಹುದು. ನೀವು ಮಾತ್ರ ಯಾವುದನ್ನೂ ನೋಡಿರುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ಈ ಪ್ರಶ್ನೆ ನೀವೊಬ್ಬರೇ ಕೇಳಿದ್ದಲ್ಲ. ನಮ್ಮ ಕಡೆಗೆ ಬರುವ ಅರ್ಧ ಜನರ ಪ್ಲಾನ್ ಹೀಗೇ ಇರುತ್ತದೆ. ಆಮೇಲೆ ಆಗುವ ತೊಂದರೆಗಳಿಗೆಲ್ಲ, ಅಂದರೆ ರಾತ್ರಿ ಘಾಟಿ ಇಳಿಯುವುದು, ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು, ಮಕ್ಕಳ ವಾಂತಿ, ಮನೆಯವರ ಜಗಳ, ಎಲ್ಲಕ್ಕೂ ಮೂಲ ಇದೊಂದೇ. ದಾರಿಯನ್ನು ಗಂಟೆಯಲ್ಲಿ ಲೆಕ್ಕ ಹಾಕಬೇಕಾದ ಕಡೆ ಕಿಲೋಮೀಟರಲ್ಲಿ ಲೆಕ್ಕ ಹಾಕುವುದು.

ನಿಮ್ಮ ಶನಿವಾರವನ್ನೇ ತಗೊಳ್ಳೋಣ. ಆರಕ್ಕೆ ಹೊರಡಬೇಕು ಅಂತ ಇರುತ್ತದೆ. ಅಜ್ಜಿ, ಮಕ್ಕಳು ಎಲ್ಲ ಸೇರಿ ಏಳೂವರೆ ಆಗುತ್ತದೆ. ನೆಲಮಂಗಲ ದಾಟುವುದೇ ಒಂದು ಕೆಲಸ. ಮಧ್ಯೆ ತಿಂಡಿಗೆ ನಿಲ್ಲಲೇಬೇಕು. ಶ್ರವಣಬೆಳಗೊಳ ಸೇರುವಾಗ ಹನ್ನೊಂದು ಗಂಟೆ. ಅಲ್ಲಿ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಬೇಕು, ಬಂಡೆಯಲ್ಲೇ ಕಡಿದ 600ಕ್ಕೂ ಜಾಸ್ತಿ ಮೆಟ್ಟಿಲು. ಹನ್ನೊಂದರ ಮೇಲೆ ಆ ಬಂಡೆ ಕಾದ ಕಾವಲಿ. ಮೇಲೆ ಹೋದವರು ಗೊಮ್ಮಟನ ಮುಖ ನೋಡುವ ಬದಲು ನೆರಳು ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ. ಅಜ್ಜಿಗೆ ಡೋಲಿ ಸಿಗುತ್ತದೆ, ಆದರೆ ಅದಕ್ಕೂ ಕಾಯಬೇಕು. ಇಳಿದು, ಊಟ ಮಾಡಿ, ಹಾಸನದ ಮೇಲೆ ಹಳೇಬೀಡು ತಲುಪುವಾಗ ನಾಲ್ಕು ಗಂಟೆ. ಅಲ್ಲಿಂದ ಬೇಲೂರು ಬರೀ 16 ಕಿಲೋಮೀಟರ್ ಅಂತ ನೀವು ಸಮಾಧಾನ ಮಾಡಿಕೊಂಡಿರುತ್ತೀರಿ. ದೂರ ಅಷ್ಟೇ, ಸರಿ. ಆದರೆ ಹಳೇಬೀಡಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ?

ಅಲ್ಲಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಕೆಳಗಿನ ಸಾಲಲ್ಲಿ ಆನೆಗಳಿವೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆ. ದೂರದಿಂದ ನೋಡಿದರೆ ಆನೆಗಳೆಲ್ಲ ಒಂದೇ ಥರ ಕಾಣುತ್ತವೆ. ಕೂತು ನೋಡಿ. ಒಂದರ ಸೊಂಡಿಲು ಮುಂದಿನ ಆನೆಯ ಕಾಲಿಗೆ ಸುತ್ತಿರುತ್ತದೆ, ಇನ್ನೊಂದು ಏನೋ ಕಿತ್ತು ಬಾಯಿಗೆ ಇಡುತ್ತಿರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಅವರೇ ಗೋಡೆ ಸುತ್ತ ಓಡಾಡಿ ವ್ಯತ್ಯಾಸ ಹುಡುಕುತ್ತಾರೆ. ಇದಕ್ಕೆ ಒಂದೂವರೆ ಗಂಟೆ ಬೇಕು. ಬೇಲೂರಿಗೆ ಇನ್ನೂ ಜಾಸ್ತಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಇದು ಗೊತ್ತಿಲ್ಲದೆ ಒಂದೂವರೆಗೆ ಬಂದು, ಹೊರಗಿನ ಮದನಿಕೆಯರನ್ನು ಕತ್ತೆತ್ತಿ ನೋಡಿ, ದೇವರ ದರ್ಶನ ಆಗಲಿಲ್ಲ ಅಂತ ಮುಖ ಸಪ್ಪಗೆ ಮಾಡಿಕೊಂಡು ಹೋಗುವವರು ದಿನಾ ಸಿಗುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು ಅಲ್ವಾ, ಆಮೇಲಂತೂ ವಾರದ ಕೊನೆಯಲ್ಲಿ ಪಾರ್ಕಿಂಗಿಗೇ ಸುತ್ತಾಡಬೇಕು. ಗೈಡ್ ಬೇಕಾದರೆ ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ಎಷ್ಟು ದುಡ್ಡು ಅಂತ ಮೊದಲೇ ಮಾತಾಡಿಕೊಳ್ಳಿ. ಮಾತಾಡದೆ ಕರೆದುಕೊಂಡು ಹೋಗಿ ಕೊನೆಗೆ ಜಗಳ ಆಡುವುದು ಇಬ್ಬರಿಗೂ ಮರ್ಯಾದೆ ಅಲ್ಲ.

ಇನ್ನು ಭಾನುವಾರ. ಇಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು.

ಮುಳ್ಳಯ್ಯನಗಿರಿಗೆ ಮೊದಲಿನ ಹಾಗೆ ಮನಸ್ಸು ಬಂದಾಗ ಹೋಗುವ ಹಾಗಿಲ್ಲ. 2025ರ ಸೆಪ್ಟೆಂಬರಿಂದ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎರಡೂ ಇರುವ ಚಂದ್ರದ್ರೋಣ ಬೆಟ್ಟದ ಕಡೆಗೆ ಹೋಗುವ ಪ್ರವಾಸಿಗರ ಗಾಡಿಗೆ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕು ಅಂತ ಜಿಲ್ಲಾಡಳಿತ ನಿಯಮ ತಂದಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನದ ಮೇಲೆ ಒಂದು. ಒಂದೊಂದಕ್ಕೆ 600 ಗಾಡಿ. ಬುಕ್ ಮಾಡದೆ ಬಂದವರು ಕೈಮರದ ಚೆಕ್‌ಪೋಸ್ಟಲ್ಲಿ ನಿಂತು ಫೋನ್ ಒತ್ತುತ್ತಿರುತ್ತಾರೆ. ಅಲ್ಲಿ ನಿಂತು ವಾದ ಮಾಡಿದರೆ ಪ್ರಯೋಜನ ಇಲ್ಲ, ಡ್ಯೂಟಿಯಲ್ಲಿ ಇರುವವರು ನಿಯಮ ಮಾಡಿದವರಲ್ಲ. ಹೊರಡುವ ಮೊದಲು ಜಿಲ್ಲಾಡಳಿತದ ವೆಬ್‌ಸೈಟಲ್ಲಿ ಆ ಹೊತ್ತಿನ ನಿಯಮ ಏನಿದೆ ನೋಡಿಕೊಳ್ಳಿ. ಮಳೆ ಜೋರಾದಾಗ, ದತ್ತ ಜಯಂತಿ ಹೊತ್ತಲ್ಲಿ ಪ್ರವಾಸಿಗರಿಗೆ ಬೆಟ್ಟ ಬಂದ್ ಮಾಡುತ್ತಾರೆ, ಅದೂ ನೆನಪಿರಲಿ.

ಮೇಲಿನ ರಸ್ತೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ತಪ್ಪುಗಳೆಲ್ಲ ಅಲ್ಲೇ ಆಗುವುದು. ಕಿರಿದಾದ ರಸ್ತೆ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ತಿರುವಿನಲ್ಲಿ ಮೇಲಿಂದ ಬಂದ ಕಾರು, ಕೆಳಗಿಂದ ಹತ್ತುತ್ತಿರುವ ಬಸ್ಸು ಎದುರುಬದುರಾಗುತ್ತವೆ. ಕಾರಿನವರು ಬಸ್ಸೇ ಹಿಂದೆ ಹೋಗಲಿ ಅಂತ ಕೂತಿರುತ್ತಾರೆ. ಅವರ ಹಿಂದೆ ನಾಲ್ಕು ಕಾರು ಅಂಟಿಕೊಂಡು ನಿಲ್ಲುತ್ತವೆ, ಐದನೆಯವನು ಬಲಗಡೆಯಿಂದ ಮೂತಿ ತೂರಿಸುತ್ತಾನೆ. ಅಲ್ಲಿಗೆ ಮುಗಿಯಿತು. ಕಂಡಕ್ಟರ್ ಇಳಿದು, ಒಬ್ಬೊಬ್ಬರ ಕಿಟಕಿ ತಟ್ಟಿ, ಹಿಂದಿನಿಂದ ಒಂದೊಂದೇ ಕಾರು ಸರಿಸುತ್ತಾ, ಬರ್ಲಿ ಬರ್ಲಿ ಬರ್ಲಿ, ಸಾಕು ಅನ್ನುತ್ತಾ ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಕಡಿದಾದ ದಾರಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು. ಇದು ನಮ್ಮೂರಿನ ಪದ್ಧತಿ ಮಾತ್ರ ಅಲ್ಲ, ಮೋಟಾರು ವಾಹನ ಚಾಲನೆಯ ನಿಯಮದಲ್ಲೇ ಇದೆ. ಹತ್ತುವ ಗಾಡಿ ನಿಂತರೆ ಮತ್ತೆ ಎಳೆಯುವುದು ಕಷ್ಟ ಅನ್ನುವುದಕ್ಕೇ ಹಾಗಿರುವುದು.

ಇಳಿಯುವಾಗ ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಹಾಕಬೇಡಿ. ಹತ್ತುವಾಗ ಯಾವ ಗೇರಲ್ಲಿ ಹತ್ತಿದಿರೋ ಅದೇ ಗೇರಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ಗಾಡಿಯಾದರೆ ಕೆಳಗಿನ ಗೇರಿಗೆ ಹಾಕುವುದು ಹೇಗೆ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ. ಬರೀ ಬ್ರೇಕ್ ನಂಬಿ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ಅಗಲ ಇರುವ ಕಡೆ ನಿಲ್ಲಿಸಿ, ಆರಲು ಬಿಡಿ. ಮಂಜು ಕವಿದರೆ ಹೈಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋಬೀಮ್ ಸಾಕು. ಇನ್ನು ಓಡುತ್ತಿರುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವ ಒಂದು ಹೊಸ ಚಾಳಿ ಶುರುವಾಗಿದೆ. ಹಾಗೆ ಹೋದರೆ ನೀವು ನಿಂತಿದ್ದೀರೋ, ಓಡುತ್ತಿದ್ದೀರೋ, ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಮಕ್ಕಳಿಗೆ ಬೆಟ್ಟ ಹತ್ತುವ ಮೊದಲು ಹೊಟ್ಟೆ ತುಂಬ ಮಸಾಲೆದೋಸೆ ತಿನ್ನಿಸಬೇಡಿ, ಮೊಬೈಲ್ ಕೈಗೆ ಕೊಡಬೇಡಿ. ವಾಂತಿ ಅರ್ಧ ಕಮ್ಮಿಯಾಗುತ್ತದೆ.

ಹೆಬ್ಬೆ ಫಾಲ್ಸ್ ಅದೇ ದಿನ ಸೇರಿಸಿದ್ದೀರಲ್ಲ, ಅದು ಮುಳ್ಳಯ್ಯನಗಿರಿಯ ಪಕ್ಕದ ತಿರುವಲ್ಲಿ ಇಲ್ಲ. ಕೆಮ್ಮಣ್ಣುಗುಂಡಿ ಕಡೆ ಹೋಗಬೇಕು, ಚಿಕ್ಕಮಗಳೂರಿಂದ 50 ಕಿಲೋಮೀಟರಿಗೂ ಜಾಸ್ತಿ. ಅಲ್ಲಿಂದ ನಿಮ್ಮ ಕಾರು ಹೋಗುವುದಿಲ್ಲ, ಜೀಪು ಹತ್ತಬೇಕು. ಜೀಪು ಇಳಿದ ಮೇಲೂ ಕಾಡಲ್ಲಿ ಹಳ್ಳ ದಾಟಿಕೊಂಡು ನಡೆಯಬೇಕು. ಅಜ್ಜಿಗೆ ಇದು ಆಗುವ ಮಾತಲ್ಲ. ಮಳೆಗಾಲ ಆದರೆ ಇಂಬಳ ಕಾಲಿಗೆ ಹತ್ತುವುದು ಗ್ಯಾರಂಟಿ. ಕಂಡ ತಕ್ಷಣ ಕಿರುಚಿ ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಒಟ್ಟಿನಲ್ಲಿ ಹೆಬ್ಬೆ ಅಂದರೆ ಅದಕ್ಕೇ ಒಂದು ದಿನ.

ಇಷ್ಟೆಲ್ಲ ಮುಗಿಸಿ ಸಕಲೇಶಪುರ ಅಂದಿರಿ. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ, ಕೋಟೆ ಕಾಣುವುದಿಲ್ಲ. ಕಾಣುವುದು ಬೇರೆ ಏನಾದರೂ ಆಗಿರಬಹುದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ಕಾಫಿ ತೋಟದ ನಡುವೆಯೇ ಓಡಾಡುತ್ತವೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ. ಪಳಗಿದ ಸಾಕಾನೆಗೇ ಹಾಗಾದರೆ ಕಾರಲ್ಲಿ ಕೂತ ನಮ್ಮ ಪಾಡೇನು. ತೋಟದ ಕೂಲಿಯವರೇ ಬೆಳಿಗ್ಗೆ ಹೊತ್ತು ಆನೆ ಎಲ್ಲಿದೆ ಅಂತ ಕೇಳಿಕೊಂಡು, ಗುಂಪಾಗಿ ಹೋಗುವ ಕಾಲ ಇದು. ಆನೆ ರಸ್ತೆಯಲ್ಲಿ ಸಿಕ್ಕರೆ ದೂರದಲ್ಲೇ ನಿಲ್ಲಿಸಿ, ಮೆಲ್ಲಗೆ ಹಿಂದೆ ಸರಿಯಿರಿ. ಹಾರ್ನ್, ಲೈಟ್ ಮಿನುಗಿಸುವುದು, ವಿಡಿಯೋ ಮಾಡೋಣ ಅಂತ ಇಳಿಯುವುದು, ಯಾವುದೂ ಬೇಡ.

ರಾತ್ರಿ ಇನ್ನೊಂದು ತೊಂದರೆ ಮ್ಯಾಪಿನದು. ಹತ್ತಿರದ ದಾರಿ ಅಂತ ಅದು ನಿಮ್ಮನ್ನು ತೋಟದೊಳಗಿನ ರಸ್ತೆಗೆ ಇಳಿಸುತ್ತದೆ. ಎರಡು ತಿರುವು ಆದ ಮೇಲೆ ಸಿಗ್ನಲ್ ಹೋಗುತ್ತದೆ, ಕೊನೆಗೆ ಬೀಗ ಹಾಕಿದ ಗೇಟು, ಗಾಡಿ ತಿರುಗಿಸಲು ಜಾಗ ಇಲ್ಲ, ನಾಯಿ ಬೊಗಳುತ್ತಿರುತ್ತದೆ. ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡಿರಿ, ಆದರೆ ದಾರಿ ಮಾತ್ರ ಟೀ ಅಂಗಡಿಯಲ್ಲಿ ಕೇಳಿ. ಕೇಳುವಾಗ ಈ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ, ಎಲ್ಲ ರಸ್ತೆಯೂ ಎಲ್ಲಿಗೋ ಹೋಗುತ್ತದೆ. ಕಾರು ಹೋಗುತ್ತಾ, ಈಗ ಹೋಗಬಹುದಾ ಅಂತ ಕೇಳಿ. ಸಿಗ್ನಲ್ ಇಲ್ಲದ ಕಡೆ ಫೋನಲ್ಲಿ ದುಡ್ಡು ಕಳಿಸುವುದೂ ಆಗುವುದಿಲ್ಲ, ಆದ್ದರಿಂದ ಜೇಬಲ್ಲಿ ಚಿಲ್ಲರೆ, ನೋಟು ಇರಲಿ.

ಉಳಿಯುವ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈಜುಕೊಳ, ಮಂಜು, ಬೆಂಕಿ ಸುತ್ತ ಕೂತ ಫೋಟೋ ಹಾಕಿ, ಅರ್ಧ ರೇಟಿಗೆ ಹೋಂಸ್ಟೇ ಅಂತ ಬರುವ ಜಾಹೀರಾತಿಗೆ ಪೂರ್ತಿ ದುಡ್ಡು ಮೊದಲೇ ಕಳಿಸಿ, ಇಲ್ಲಿಗೆ ಬಂದು ಆ ಹೆಸರಿನ ಜಾಗವೇ ಇಲ್ಲ ಅಂತ ಗೊತ್ತಾಗಿ ರಾತ್ರಿ ಬಸ್‌ಸ್ಟ್ಯಾಂಡ್ ಹತ್ತಿರ ರೂಮು ಹುಡುಕುವವರಿದ್ದಾರೆ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಕೇಳಿ. ವಿಡಿಯೋ ಕಾಲ್ ಮಾಡಿ ರೂಮು ತೋರಿಸಿ ಅನ್ನಿ. ತೋರಿಸಲ್ಲ ಅಂದರೆ ಬಿಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1930 ಮೀಟರೇ, ನೆನಪಿಟ್ಟುಕೊಳ್ಳಲು ಸುಲಭ.

ತಾರೀಖನ್ನೂ ಒಮ್ಮೆ ನೋಡಿ. ಹಾಸನಾಂಬೆಯ ಬಾಗಿಲು ವರ್ಷಕ್ಕೆ ಒಂದೇ ಸಲ, ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ತೆಗೆದು, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತಾರೆ. ಆ ದಿನಗಳಲ್ಲಿ ದರ್ಶನಕ್ಕೆ ಬರುವುದಾದರೆ ಬನ್ನಿ, ಸುಮ್ನೆ ಹಾದು ಹೋಗುವವರಿಗೆ ಹಾಸನದಲ್ಲಿ ಲಾಡ್ಜೂ ಇಲ್ಲ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಶೆಟ್ಟಿಹಳ್ಳಿ ಚರ್ಚ್ ನೀರಲ್ಲಿ ನಿಂತಿರುವ ಫೋಟೋ ನೋಡಿ ಏಪ್ರಿಲ್‌ನಲ್ಲಿ ಬರುವವರಿಗೆ ಒಣ ನೆಲ ಸಿಗುತ್ತದೆ. ಅದು ಹೇಮಾವತಿ ಜಲಾಶಯದ ಹಿನ್ನೀರು, ಮಳೆ ಬಂದು ಅಣೆಕಟ್ಟು ತುಂಬಿದರೆ ಮಾತ್ರ ಮುಳುಗುವುದು. ಸಕಲೇಶಪುರಕ್ಕೆ ಬರುವ ಹುಡುಗರಿಗೆ ಒಂದು ಮಾತು, ಆ ರೈಲು ಹಳಿ ಮೇಲೆ ನಡೆಯುವ ಟ್ರೆಕ್ ಬೇಡ. ಸುರಂಗದಲ್ಲಿ ರೈಲು ಬಂದರೆ ಸರಿಯಲು ಜಾಗ ಇರುವುದಿಲ್ಲ, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಹಾಗಾದರೆ ಏನು ಮಾಡಬೇಕು? ನಿಮ್ಮ ಪಟ್ಟಿಯಲ್ಲಿ ಮೂರನ್ನು ಇಟ್ಟುಕೊಳ್ಳಿ. ಮೊದಲ ದಿನ ಹಳೇಬೀಡು, ಬೇಲೂರು. ಹಾಸನದಲ್ಲಿ ಬೇಗ ಊಟ ಮುಗಿಸಿ ಒಂದೂವರೆಗೆ ಹಳೇಬೀಡು, ನಾಲ್ಕರ ಹೊತ್ತಿಗೆ ಬೇಲೂರು ಅಂತ ಇಟ್ಟುಕೊಂಡರೆ ಬಾಗಿಲು ತೆರೆದಿರುತ್ತದೆ, ಬಿಸಿಲೂ ಇಳಿದಿರುತ್ತದೆ. ಅಲ್ಲಿಂದ ಚಿಕ್ಕಮಗಳೂರು 25 ಕಿಲೋಮೀಟರ್ ಅಷ್ಟೇ, ಊಟದ ಹೊತ್ತಿಗೆ ರೂಮಲ್ಲಿರುತ್ತೀರಿ. ಎರಡನೇ ದಿನ ಬೆಳಗಿನ ಪಾಳಿ ಬುಕ್ ಮಾಡಿ, ಆರೂವರೆಗೆಲ್ಲ ಕೈಮರದಲ್ಲಿರಿ, ಮುಳ್ಳಯ್ಯನಗಿರಿ ನೋಡಿ. ಕೊನೆಯ ಮೆಟ್ಟಿಲು ಹತ್ತಲು ಅಜ್ಜಿಗೆ ಆಗದಿದ್ದರೆ ಸೀತಾಳಯ್ಯನಗಿರಿಯ ದೇವಸ್ಥಾನದಲ್ಲಿ ಯಾರಾದರೂ ಒಬ್ಬರು ಅವರ ಜೊತೆ ಕೂತಿರಲಿ, ಅಲ್ಲಿಂದಲೂ ಬೆಟ್ಟ ಚೆನ್ನಾಗಿಯೇ ಕಾಣುತ್ತದೆ. ಸ್ವೆಟರ್ ಮಾತ್ರ ಮರೆಯಬೇಡಿ, ಮೇಲೆ ಗಾಳಿ ಜಾಸ್ತಿ. ಮಧ್ಯಾಹ್ನ ಊರಲ್ಲಿ ಊಟ ಮಾಡಿ ಹೊರಟರೆ ರಾತ್ರಿ ಒಂಬತ್ತಕ್ಕೆ ಮನೆ. ಶ್ರವಣಬೆಳಗೊಳ ಬೆಂಗಳೂರಿಂದ ಒಂದೇ ದಿನದಲ್ಲಿ ಹೋಗಿ ಬರುವ ಜಾಗ, ಇನ್ನೊಂದು ದಿನ ಬೆಳಗಿನ ಜಾವವೇ ಹೊರಟು ಬಿಸಿಲೇರುವ ಮೊದಲು ಹತ್ತಿ. ಹೆಬ್ಬೆ, ಸಕಲೇಶಪುರ ಬೇರೆ ಬೇರೆ ಸಲಕ್ಕೆ.

ಇದರಲ್ಲೂ ಒಂದು ಆಸೆ ಇದ್ದರೆ, ಆಫೀಸಿಗೆ ಒಂದು ರಜೆ ಹಾಕಿ ಶನಿವಾರದ ಬದಲು ಭಾನುವಾರ ಹೊರಡಿ. ಭಾನುವಾರ ಸಂಜೆ ಎಲ್ಲರೂ ಬೆಂಗಳೂರಿನ ಕಡೆ ಮುಖ ಮಾಡಿರುತ್ತಾರೆ, ನೀವು ಎದುರಿನ ಖಾಲಿ ರಸ್ತೆಯಲ್ಲಿ ಬರುತ್ತಿರುತ್ತೀರಿ. ರೂಮಿನ ರೇಟೂ ಇಳಿದಿರುತ್ತದೆ, ಸೋಮವಾರದ ಬೆಳಗಿನ ಪಾಳಿಯೂ ಸುಲಭವಾಗಿ ಸಿಗುತ್ತದೆ.