ಸಾವಿರ ಅಡಿ ಕೆಳಗಿನ ನೀರು ಯಾರದು?

ಕೋಲಾರದ ಕಡೆ ಬೋರ್‌ವೆಲ್ ಕೊರೆಸುವಾಗ ಸುತ್ತ ನಿಂತವರ ಕಣ್ಣೆಲ್ಲ ಹಾರುವ ಕಲ್ಲುಪುಡಿಯ ಮೇಲೆ. ಪುಡಿ ಒಣಗಿಯೇ ಬರುತ್ತಿದ್ದರೆ ಎದೆ ಡವಡವ. ಒದ್ದೆಯಾಯಿತೋ, ಹೋದ ಜೀವ ಬಂದಂತೆ. ಬಿಲ್ ಅಡಿ ಲೆಕ್ಕದಲ್ಲಿ ಏರುತ್ತದೆ. ಸಾವಿರ ಅಡಿ ದಾಟಿದರೂ ನೀರಿಲ್ಲ ಅಂದ್ರೆ ಉಳಿಯುವುದು ಸಾಲ ಮಾತ್ರ.

ಯಾರನ್ನು ದೂರುವುದು? ರೈತ ಬದುಕಲು ಕೊರೆಸಿದ. ಅವನ ಹೊರೆ ಇಳಿಯಲಿ ಎಂದು ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಕೊಟ್ಟಿತು. ಆರೈಕೆ ಕಡಿಮೆ ಎಂದು ಹೊಲಗಳಿಗೆ ನೀಲಗಿರಿ ಬಂತು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ, ಅಲ್ವಾ? ಕೂಡಿಸಿ ನೋಡಿದಾಗಲೇ ತೊಡಕು ಕಾಣುವುದು.

ಹೀಗೆ ಕೂಡಿಸಿ ನೋಡುವ ಬಗೆಯೇ ಸಿಸ್ಟಮ್ಸ್ ಥಿಂಕಿಂಗ್. 1950ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ಎಂಬ ಎಂಜಿನಿಯರ್ ಇದಕ್ಕೆ ಲೆಕ್ಕದ ರೂಪ ಕೊಟ್ಟರು. ಕೇಳುವ ಪ್ರಶ್ನೆಗಳು ಸರಳ. ಎಷ್ಟು ಕೂಡಿಟ್ಟಿದೆ? ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ? ಇವತ್ತು ಮಾಡಿದ್ದು ನಾಳೆ ತಿರುಗಿ ಬಂದು ಏನು ಮಾಡುತ್ತದೆ?

ಆ ತಿರುಗುವಿಕೆಯನ್ನು ಕೋಲಾರದಲ್ಲಿ ಕಣ್ಣಾರೆ ನೋಡಬಹುದು. ಒಬ್ಬರು 800 ಅಡಿಗೆ ಇಳಿದರೆ ಪಕ್ಕದವರ 500 ಅಡಿಯ ಬೋರ್ ಬತ್ತಬಹುದು. ಅವರು ಸಾಲ ಮಾಡಿ ಸಾವಿರಕ್ಕೆ ಇಳಿಯುತ್ತಾರೆ. ಸಾಲ ತೀರಿಸಲು ಜಾಸ್ತಿ ದುಡ್ಡು ತರುವ ಬೆಳೆ ಬೇಕು, ಅದಕ್ಕೆ ಮತ್ತೆ ನೀರು ಬೇಕು. ಆಗ ಮೊದಲಿನವರ ಬೋರೂ ನಿಲ್ಲುತ್ತದೆ. ಆಳದ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದರ ಗುರುತು ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ.

ಹಳೆಯ ಕೆರೆ ಸರಣಿ ಬೇರೆ ಥರ ಇತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ನೀರುಗಂಟಿ ಕೆರೆಯ ಮಟ್ಟ ನೋಡಿ ತೂಬು ಎತ್ತುತ್ತಿದ್ದ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ನಾಟಿಯೂ ಕಡಿಮೆ. ಆ ಕಾಲವನ್ನು ಸುಮ್ನೆ ಹೊಗಳಲಾರೆ. ಕೆರೆ ನೀರಲ್ಲೂ ಜಾತಿ ಇತ್ತು. ಆದರೆ ಎಷ್ಟು ನೀರಿದೆ ಅನ್ನುವುದು ಏರಿಯ ಮೇಲೆ ನಿಂತವರಿಗೆಲ್ಲ ಕಾಣುತ್ತಿತ್ತು. ನೆಲದೊಳಗಿನ ನೀರು ಯಾರಿಗೂ ಕಾಣುವುದಿಲ್ಲ. ನನ್ನ ಪ್ರಕಾರ ನಮ್ಮ ನೀತಿಗಳು ಎಡವಿದ್ದು ಇಲ್ಲೇ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಿದರು. ಬತ್ತಿದ್ದ ಎಷ್ಟೋ ಕೆರೆ ತುಂಬಿದವು. ಅದೇ ವರ್ಷ ಕೆರೆಯಲ್ಲಿ ನೊರೆಯೂ ಕಂಡಿತು, ವಿಷಯ ಕೋರ್ಟ್ ಮೆಟ್ಟಿಲೇರಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೆ ಇನ್ನೊಂದು ಮಾತಿದೆ. ಈ ಯೋಜನೆ ಒಳಗೆ ಬರುವ ನೀರನ್ನು ಹೆಚ್ಚಿಸಿತು. ಹೊರಗೆ ಎಳೆಯುವ ಪಂಪಿನ ಲೆಕ್ಕ ಹಾಗೇ ಉಳಿಯಿತು.

ಮಹಾರಾಷ್ಟ್ರದ ಹಿವರೆ ಬಾಜಾರ್ ಎಂಬ ಹಳ್ಳಿ ಆ ಲೆಕ್ಕಕ್ಕೆ ಕೈ ಹಾಕಿತು. ಪೋಪಟ್‌ರಾವ್ ಪವಾರ್ ಸರಪಂಚ, ಅಂದರೆ ಪಂಚಾಯ್ತಿ ಅಧ್ಯಕ್ಷ, ಆದ ಮೇಲೆ ಊರು ಬದುಗಳನ್ನು ಕಟ್ಟಿತು. ಬೇಸಾಯಕ್ಕೆ ಬೋರ್‌ವೆಲ್ ಬೇಡ ಎಂದು ತಾನೇ ಕಟ್ಟುಪಾಡು ಮಾಡಿಕೊಂಡಿತು. ಮಳೆಗಾಲ ಮುಗಿದ ಮೇಲೆ ಅಲ್ಲಿ ನೀರಿನ ಬಜೆಟ್ ಕೂರುತ್ತದೆ. ಜನ, ದನಕರುಗಳ ಕುಡಿಯುವ ಪಾಲು ಮೊದಲು, ಉಳಿದದ್ದು ಹೊಲಕ್ಕೆ. ಮಳೆ ಕೈಕೊಟ್ಟ ವರ್ಷ ಯಾವ ಬೆಳೆ ಬಿಡಬೇಕು ಅನ್ನುವ ಮಾತು ನಡೆಯುವುದು ಗ್ರಾಮಸಭೆಯಲ್ಲಿ, ಮಳೆಯ ಅಂಕಿ ಮುಂದಿಟ್ಟುಕೊಂಡು, ಬಿತ್ತನೆಗೆ ಮೊದಲು.