ಬೆಳಕಿಗೆ ಬಲ ತುಂಬುವ ನಿಧಾನಸ್ಥ ಎರ್ಬಿಯಂ

ಬೆಂಗಳೂರಿನಿಂದ ಮುಂಬೈಗೆ ರಸ್ತೆಯಲ್ಲಿ ಹೋದರೆ ಸುಮಾರು 1000 ಕಿಲೋಮೀಟರ್. ಇವತ್ತಿನ ಒಳ್ಳೆಯ ಆಪ್ಟಿಕಲ್ ಫೈಬರ್ ಎಳೆಯೊಂದನ್ನು ಅಷ್ಟುದ್ದಕ್ಕೂ ಹಾಸಿದ್ದೇವೆ, ನಡುವೆ ಯಾವ ಯಂತ್ರವನ್ನೂ ಇಟ್ಟಿಲ್ಲ ಅಂದುಕೊಳ್ಳಿ. ಬೆಂಗಳೂರಿನ ತುದಿಯಿಂದ ಒಂದು ಮಿಲಿವ್ಯಾಟ್ ಲೇಸರ್ ಬೆಳಕು ಬಿಡೋಣ. ಪ್ರತಿ ಸೆಕೆಂಡಿಗೆ ಸುಮಾರು 7,800 ಲಕ್ಷ ಕೋಟಿ ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಹೊರಡುತ್ತವೆ. ಮುಂಬೈ ತುದಿಗೆ ಎಷ್ಟು ತಲುಪುತ್ತವೆ? ಸರಾಸರಿ ಮೂರೂವರೆ ಗಂಟೆಗೆ ಒಂದು.

ಇಷ್ಟರಲ್ಲಿ ಒಂದು ಫೋನ್ ಕರೆಯನ್ನೂ ನಡೆಸಲು ಆಗುವುದಿಲ್ಲ. ಆದರೂ ಅಮೆರಿಕದಲ್ಲಿರುವ ಮಗಳ ಜೊತೆ ನಾವು ವಿಡಿಯೊ ಕಾಲ್‌ನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಆ ಮಾತು, ಆ ಚಿತ್ರ ಸಮುದ್ರದ ತಳದಲ್ಲಿ ಮಲಗಿರುವ ಗಾಜಿನ ಎಳೆಯಲ್ಲೇ ಹೋಗಿ ಬರುತ್ತವೆ. ಫೈಬರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಾಜಿನ ಶುದ್ಧತೆಯನ್ನು, ಲೇಸರ್‌ನ ವೇಗವನ್ನು ಹೊಗಳುತ್ತಾರೆ. ಎರಡೂ ಬೇಕೇ ಬೇಕು. ಆದರೆ ನನ್ನ ಮಟ್ಟಿಗೆ ಈ ಕಥೆಯಲ್ಲಿ ದೊಡ್ಡ ಪಾತ್ರ ಎರ್ಬಿಯಂ ಎಂಬ ಲೋಹದ್ದು. ಅದರ ಪರಮಾಣು ಒಂದು ವಿಷಯದಲ್ಲಿ ತೀರಾ ನಿಧಾನ. ಆ ನಿಧಾನ ಇರದಿದ್ದರೆ ಇಂಟರ್‌ನೆಟ್ ಇಷ್ಟು ಅಗ್ಗವಾಗಿ ಇಷ್ಟು ದೂರ ಹರಡುತ್ತಿರಲಿಲ್ಲ.

ಮೊದಲು ಗಾಜಿನ ವಿಷಯ ಮುಗಿಸಿಬಿಡೋಣ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಪ್ರಯೋಗಾಲಯದಲ್ಲಿ ಕೂತು ಒಂದು ಲೆಕ್ಕ ಮಾಡಿದರು. ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಭಾಗ ಬೆಳಕು ಉಳಿದರೂ ಸಾಕು, ಫೈಬರ್‌ನಲ್ಲಿ ಫೋನ್ ಕರೆ ಕಳಿಸಬಹುದು ಅಂದರು. ಇಂಜಿನಿಯರ್‌ಗಳ ಭಾಷೆಯಲ್ಲಿ ಇದು ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟ. ಪ್ರತಿ 10 ಡೆಸಿಬೆಲ್‌ಗೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗಿನ ಗಾಜಿನ ಎಳೆಗಳ ನಷ್ಟ ಕಿಲೋಮೀಟರಿಗೆ 1000 ಡೆಸಿಬೆಲ್ ಆಸುಪಾಸು. ದೋಷ ಗಾಜಿನದ್ದಲ್ಲ, ಅದರಲ್ಲಿ ಸೇರಿರುವ ಕಬ್ಬಿಣದಂಥ ಕಲ್ಮಶದ್ದು ಅಂತ ಕಾವೊ ಪಟ್ಟು ಹಿಡಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್ 17 ಡೆಸಿಬೆಲ್‌ಗೆ ಇಳಿಸಿ ತೋರಿಸಿದರು. 1979ರ ಹೊತ್ತಿಗೆ ಜಪಾನಿನವರು 1550 ನ್ಯಾನೋಮೀಟರ್ ತರಂಗಾಂತರದಲ್ಲಿ 0.2 ಡೆಸಿಬೆಲ್ ಮುಟ್ಟಿದರು. ಕಾವೊಗೆ 2009ರಲ್ಲಿ ನೊಬೆಲ್ ಬಂತು.

ಅಲ್ಲಿಂದ ಮುಂದೆ ಗಾಜಿನ ಪ್ರಗತಿ ಹೆಚ್ಚುಕಡಿಮೆ ನಿಂತಿತು. ಕರಗಿದ ಗಾಜು ತಣ್ಣಗಾಗುವಾಗ ಅದರ ಅಣುಗಳು ಅಲ್ಲಲ್ಲಿ ಸ್ವಲ್ಪ ಒತ್ತಾಗಿ, ಅಲ್ಲಲ್ಲಿ ಸ್ವಲ್ಪ ವಿರಳವಾಗಿ ಉಳಿಯುತ್ತವೆ. ಆ ಏರುಪೇರಿಗೆ ತಾಗಿ ಬೆಳಕು ಚದುರುತ್ತದೆ. ಇದು ರೇಲೀ ಚದುರುವಿಕೆ. ತರಂಗಾಂತರ ಉದ್ದವಾದಷ್ಟೂ ಇದು ಕಡಿಮೆ. ಹಾಗಂತ ತುಂಬಾ ಉದ್ದದ ಅಲೆ ಆರಿಸಿದರೆ ಗಾಜಿನ ಸಿಲಿಕಾನ್-ಆಮ್ಲಜನಕ ಬಂಧಗಳೇ ಬೆಳಕನ್ನು ನುಂಗಿಬಿಡುತ್ತವೆ. ಈ ಎರಡು ಕಾಟಗಳ ನಡುವೆ 1550ರ ಹತ್ತಿರ ಒಂದು ಕಿಂಡಿ ಇದೆ. ಇಷ್ಟು ವರ್ಷಗಳ ನಂತರವೂ ಗಟ್ಟಿ ಗಾಜಿನ ಎಳೆಯ ದಾಖಲೆ 0.14 ಡೆಸಿಬೆಲ್ ಆಸುಪಾಸಿನಲ್ಲೇ ಇದೆ.

ಹಾಗಾಗಿ ದೂರ ಹೋಗಬೇಕಾದರೆ ದಾರಿಯಲ್ಲಿ ಬೆಳಕಿಗೆ ಬಲ ತುಂಬಲೇಬೇಕು. ಮೊದಲ ಉಪಾಯ ಸುತ್ತುಬಳಸಿನದ್ದು. ಸೊರಗಿದ ಬೆಳಕನ್ನು ಹಿಡಿದು ವಿದ್ಯುತ್ ಸಂಕೇತ ಮಾಡು, ಸೊನ್ನೆಯೋ ಒಂದೋ ಅಂತ ತೀರ್ಮಾನಿಸು, ಹೊಸ ಲೇಸರ್‌ನಿಂದ ಹೊಸ ಬೆಳಕು ಬಿಡು. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಕೆಲಸ ಮಾಡಿದ್ದು ಹೀಗೆ. ಸುಮಾರು 50 ಕಿಲೋಮೀಟರಿಗೊಂದು ರಿಪೀಟರ್ ಪೆಟ್ಟಿಗೆ. ಒಂದು ಜೋಡಿ ಎಳೆಯಲ್ಲಿ ಸೆಕೆಂಡಿಗೆ 280 ಮೆಗಾಬಿಟ್.

ಇದರಲ್ಲಿ ದೊಡ್ಡ ತೊಂದರೆ ಒಂದಿತ್ತು. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಒಂದೇ ವೇಗಕ್ಕೆ ಕಟ್ಟಿಹಾಕಿದ್ದು. ನಾಳೆ ಹೆಚ್ಚು ವೇಗ ಬೇಕೆಂದರೆ ಮೈಲಿಗಟ್ಟಲೆ ಆಳದಲ್ಲಿರುವ ಅಷ್ಟೂ ಪೆಟ್ಟಿಗೆ ಬದಲಿಸಬೇಕು, ಅಂದರೆ ಹೊಸ ಕೇಬಲ್ಲನ್ನೇ ಹಾಕಬೇಕು. ಒಂದೇ ಎಳೆಯಲ್ಲಿ ಬೇರೆ ಬೇರೆ ತರಂಗಾಂತರದ ಹತ್ತು ಬೆಳಕು ಕಳಿಸುವ ಆಸೆಯೂ ಇತ್ತು. ಅದಕ್ಕೆ ಪ್ರತಿ ಪೆಟ್ಟಿಗೆಯಲ್ಲೂ ಹತ್ತು ಬೆಳಕುಗಳನ್ನು ಬಿಡಿಸಿ, ಹತ್ತು ಸಲ ಅದೇ ಕೆಲಸ ಮಾಡಿ, ಮತ್ತೆ ಸೇರಿಸಬೇಕು. ಖರ್ಚು ತಡೆಯುತ್ತಿರಲಿಲ್ಲ.

ಬೆಳಕನ್ನು ಬೆಳಕಾಗಿಯೇ ಹಿಗ್ಗಿಸಲು ಆಗುವುದಿಲ್ಲವೇ? ಆಗುತ್ತದೆ ಅಂತ ಬಹಳ ಹಿಂದೆಯೇ ಗೊತ್ತಿತ್ತು. ಉದ್ರೇಕಗೊಂಡ ಪರಮಾಣುವಿನ ಹತ್ತಿರ ಸರಿಯಾದ ಫೋಟಾನ್ ಒಂದು ಹಾದುಹೋದರೆ ಆ ಪರಮಾಣು ಅದೇ ಬಗೆಯ ಇನ್ನೊಂದು ಫೋಟಾನ್ ಬಿಡುತ್ತದೆ ಎಂದು ಐನ್‌ಸ್ಟೈನ್ 1917ರಲ್ಲೇ ಬರೆದಿದ್ದರು. 1964ರಲ್ಲಿ ಚಾರ್ಲ್ಸ್ ಕೋಸ್ಟರ್ ಮತ್ತು ಎಲಿಯಾಸ್ ಸ್ನಿಟ್ಜರ್ ನಿಯೋಡಿಮಿಯಂ ಬೆರೆಸಿದ ಗಾಜಿನ ಎಳೆಯಲ್ಲಿ ಇದನ್ನು ಮಾಡಿಯೂ ತೋರಿಸಿದರು. ಆಗ ದೂರ ಹೋಗುವ ಫೈಬರ್ರೇ ಇರಲಿಲ್ಲ. ಮೇಲಾಗಿ ಅವರದ್ದು 1060 ನ್ಯಾನೋಮೀಟರ್ ಬೆಳಕು. ವಿಷಯ ಅಲ್ಲಿಗೇ ನಿಂತಿತು.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡದವರು. 1980ರ ದಶಕದ ನಡುವೆ ಅವರು ಅಪರೂಪದ ಲೋಹಗಳನ್ನು ಫೈಬರ್‌ನ ಒಡಲಿಗೆ ಸೇರಿಸುವ, ಆದರೆ ಗಾಜನ್ನು ಕೆಡಿಸದ ದಾರಿ ಕಂಡುಕೊಂಡರು. 1987ರಲ್ಲಿ ಎರ್ಬಿಯಂ ಬೆರೆಸಿದ ಫೈಬರ್‌ನ ವರ್ಧಕ, ಅಂದರೆ ಬೆಳಕನ್ನು ಹಿಗ್ಗಿಸುವ ಸಾಧನ, ಅಲ್ಲಿ ಕೆಲಸ ಮಾಡಿತು. ಅದೇ ವರ್ಷ ಬೆಲ್ ಲ್ಯಾಬ್ಸ್‌ನಲ್ಲಿ ಇಮ್ಯಾನ್ಯುಯೆಲ್ ಡೆಸರ್ವಿರ್ ಮತ್ತು ಜೊತೆಗಾರರೂ ತಮ್ಮದನ್ನು ಪ್ರಕಟಿಸಿದರು. ಎರಡೂ ಕಡೆ ಎರ್ಬಿಯಂಗೆ ಶಕ್ತಿ ತುಂಬಲು ಪ್ರಯೋಗಾಲಯದ ದೊಡ್ಡ ಲೇಸರ್‌ಗಳೇ ಬೇಕಾಗಿದ್ದವು. ಅಂಥದ್ದನ್ನು ಸಮುದ್ರಕ್ಕೆ ಇಳಿಸುವುದು ಹೇಗೆ? 1989ರಲ್ಲಿ ಜಪಾನಿನ ಮಸತಾಕ ನಕಝಾವ ತಂಡ ಪುಟ್ಟ ಸೆಮಿಕಂಡಕ್ಟರ್ ಲೇಸರ್‌ನಿಂದಲೇ ಆ ಕೆಲಸ ಮಾಡಿಸಿತು. ದಾರಿ ತೆರೆಯಿತು.

ಸಾಧನ ನೋಡಲು ಸರಳ. ಹತ್ತಿಪ್ಪತ್ತು ಮೀಟರ್ ಉದ್ದದ ಸುರುಳಿ ಸುತ್ತಿದ ಫೈಬರ್. ಅದರ ನಡುವಿನ ಗಾಜಿನಲ್ಲಿ ಚೂರೇ ಚೂರು ಎರ್ಬಿಯಂ. ಪಕ್ಕದಲ್ಲಿ 980 ಅಥವಾ 1480 ನ್ಯಾನೋಮೀಟರ್‌ನ ಪಂಪ್ ಲೇಸರ್. ಪಂಪ್ ಬೆಳಕನ್ನು ನುಂಗಿದ ಎರ್ಬಿಯಂ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು, ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ, ಕಾಯುತ್ತದೆ. ದೂರದಿಂದ ಬಳಲಿ ಬಂದ ಸಂಕೇತದ ಫೋಟಾನ್ ಹಾದುಹೋದಾಗ ಅದರ ಜೋಡಿಯೊಂದನ್ನು ಕೊಟ್ಟು ಕೆಳಗಿಳಿಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಸುರುಳಿ ದಾಟುವಷ್ಟರಲ್ಲಿ ಬೆಳಕು ನೂರು ಪಟ್ಟು, ಸಾವಿರ ಪಟ್ಟು ಆಗಿರುತ್ತದೆ. ಎರ್ಬಿಯಂ ಬಿಡುವ ಬೆಳಕು 1530ರಿಂದ 1565 ನ್ಯಾನೋಮೀಟರ್ ನಡುವೆ. ಗಾಜಿನ ಕಿಂಡಿ ಎಲ್ಲಿದೆಯೋ ಸರಿಯಾಗಿ ಅಲ್ಲೇ! ಸ್ವೀಡನ್ನಿನ ಇಟರ್‌ಬಿ ಎಂಬ ಹಳ್ಳಿಯ ಗಣಿಯ ಖನಿಜದಲ್ಲಿ 1843ರಲ್ಲಿ ಸಿಕ್ಕ ಲೋಹಕ್ಕೂ, ಸಿಲಿಕಾ ಗಾಜಿನ ಪಾರದರ್ಶಕತೆಗೂ ಯಾವ ನಂಟೂ ಇಲ್ಲ. ನಿಸರ್ಗ ಮನುಷ್ಯನಿಗೆ ಇಷ್ಟು ಉದಾರವಾಗಿ ಕೊಟ್ಟ ಉದಾಹರಣೆ ನನಗೆ ಬೇರೆ ನೆನಪಾಗುವುದಿಲ್ಲ.

ಈಗ ಆ ನಿಧಾನದ ವಿಷಯ. ಮೇಲೇರಿದ ಎರ್ಬಿಯಂ ಅಯಾನು, ಯಾರೂ ಕೆಣಕದಿದ್ದರೆ, ತಾನಾಗಿ ಕೆಳಗಿಳಿಯಲು ಸರಾಸರಿ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಮಗೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಪರಮಾಣುವಿನ ಲೋಕದಲ್ಲಿ ಅದು ಒಂದು ಯುಗ. ಸೆಕೆಂಡಿಗೆ 10 ಗಿಗಾಬಿಟ್ ಓಡುವ ಸಂಕೇತದಲ್ಲಿ ಅಷ್ಟು ಹೊತ್ತಿಗೆ 10 ಕೋಟಿ ಬಿಟ್‌ಗಳು ಹಾದುಹೋಗಿರುತ್ತವೆ. ಇದರಿಂದ ಏನು ಲಾಭ? ತುಂಬಿದ ಕೆರೆಯಿಂದ ಒಂದು ಕೊಡ ನೀರು ಮೊಗೆದರೆ ನೀರಿನ ಮಟ್ಟ ಇಳಿದದ್ದು ಗೊತ್ತಾಗುವುದಿಲ್ಲ, ಅಲ್ವಾ? ಎರ್ಬಿಯಂ ಸುರುಳಿ ಅಂಥ ಕೆರೆ. ಒಂದು ಬಿಟ್ ಬಂದು ಶಕ್ತಿ ಒಯ್ದರೂ ಮುಂದಿನ ಬಿಟ್‌ಗೆ ಸಿಗುವ ಬಲ ಬದಲಾಗುವುದಿಲ್ಲ. ಪಕ್ಕದ ತರಂಗಾಂತರದಲ್ಲಿ ಸೊನ್ನೆ ಬಂತೋ ಒಂದು ಬಂತೋ ಅದಕ್ಕೆ ತಿಳಿಯುವುದೂ ಇಲ್ಲ. ಸರಾಸರಿ ಎಷ್ಟು ಬೆಳಕು ಹರಿಯುತ್ತಿದೆ ಅನ್ನುವುದಷ್ಟೇ ಅದಕ್ಕೆ ಮುಖ್ಯ.

ಇದೇ ಕೆಲಸ ಮಾಡುವ ಸೆಮಿಕಂಡಕ್ಟರ್ ವರ್ಧಕಗಳೂ ಇದ್ದವು, ಈಗಲೂ ಇವೆ. ಚಿಕ್ಕವು, ಅಗ್ಗದವು. ಆದರೆ ಅವು ಒಂದು ನ್ಯಾನೋಸೆಕೆಂಡಿಗೂ ಕಡಿಮೆ ಸಮಯದಲ್ಲಿ ಸ್ಪಂದಿಸುತ್ತವೆ. ಹಾಗಾಗಿ ಒಂದು ಬಣ್ಣದ ಬಿಟ್‌ಗಳ ಏರಿಳಿತ ಇನ್ನೊಂದು ಬಣ್ಣದ ಮೇಲೆ ಅಚ್ಚೊತ್ತುತ್ತದೆ. ಚುರುಕುತನವೇ ಅಲ್ಲಿ ತೊಡಕು. ಎರ್ಬಿಯಂ ನಿಧಾನವಾಗಿದ್ದರಿಂದ ಒಂದೇ ಸುರುಳಿ ಎಂಬತ್ತು, ತೊಂಬತ್ತು ತರಂಗಾಂತರಗಳನ್ನು ಒಟ್ಟಿಗೆ ಹಿಗ್ಗಿಸುತ್ತದೆ, ಒಂದರ ಮಾತು ಇನ್ನೊಂದಕ್ಕೆ ಕೇಳದಂತೆ. ಬಿಟ್ ಎಷ್ಟು ವೇಗದ್ದು, ಅದನ್ನು ಯಾವ ರೀತಿ ಬೆಳಕಿಗೆ ಏರಿಸಿದ್ದಾರೆ ಅನ್ನುವುದೂ ಅದಕ್ಕೆ ಬೇಡ. 1990ರ ದಶಕದ ಮಧ್ಯದಲ್ಲಿ ಎರ್ಬಿಯಂ ವರ್ಧಕ ಹೊತ್ತ ಟ್ಯಾಟ್-12/13 ಅಟ್ಲಾಂಟಿಕ್ ದಾಟಿತು. ಅಲ್ಲಿಂದೀಚೆಗೆ ಕೇಬಲ್ಲಿನ ಸಾಮರ್ಥ್ಯ ಹೆಚ್ಚಿಸಲು ದಡದ ಎರಡು ಕಟ್ಟಡಗಳಲ್ಲಿ ಯಂತ್ರ ಬದಲಿಸಿದರೆ ಬಹುಮಟ್ಟಿಗೆ ಸಾಕು. ನೀರಿನೊಳಗಿನದ್ದನ್ನು ಮುಟ್ಟಬೇಕಿಲ್ಲ.

ತೊಂದರೆಗಳೇ ಇಲ್ಲ ಅಂತಲ್ಲ. ಎರ್ಬಿಯಂ 1530ರ ಹತ್ತಿರದ ಬೆಳಕನ್ನು ಸ್ವಲ್ಪ ಜಾಸ್ತಿ ಹಿಗ್ಗಿಸುತ್ತದೆ. ಒಂದು ವರ್ಧಕದಲ್ಲಿ ಎರಡು ತರಂಗಾಂತರಗಳ ನಡುವೆ ಒಂದೇ ಡೆಸಿಬೆಲ್ ವ್ಯತ್ಯಾಸ ಇದೆ ಅನ್ನಿ. ಅಟ್ಲಾಂಟಿಕ್ ದಾಟಲು ನೂರರ ಆಸುಪಾಸು ವರ್ಧಕ ಬೇಕು. ನೂರನೆಯದು ಮುಗಿಯುವಾಗ ವ್ಯತ್ಯಾಸ 100 ಡೆಸಿಬೆಲ್, ಅಂದರೆ ಸಾವಿರ ಕೋಟಿ ಪಟ್ಟು! ಅದಕ್ಕೇ ಪ್ರತಿ ವರ್ಧಕದ ಜೊತೆ ಏರನ್ನು ಸಮ ಮಾಡುವ ಶೋಧಕ ಇಡುತ್ತಾರೆ. ಕೆಲವು ಅಯಾನುಗಳು ಕರೆಯದೆಯೂ ತಾವಾಗಿ ಫೋಟಾನ್ ಬಿಡುತ್ತವೆ. ಅದೂ ಮುಂದೆ ಹಿಗ್ಗುತ್ತಾ ಹೋಗಿ ಗದ್ದಲವಾಗುತ್ತದೆ. ಬಲವಾಗಿ ಹಿಗ್ಗಿಸುವ ಸಾಮಾನ್ಯ ವರ್ಧಕ ಸಂಕೇತ ಮತ್ತು ಗದ್ದಲದ ಅನುಪಾತವನ್ನು ಕಡಿಮೆಯೆಂದರೂ ಅರ್ಧಕ್ಕೆ ಇಳಿಸುತ್ತದೆ. ಇದು ಕ್ವಾಂಟಂ ಭೌತಶಾಸ್ತ್ರ ಹಾಕಿದ ಗೆರೆ, ಎಷ್ಟು ಜಾಣತನ ತೋರಿಸಿದರೂ ದಾಟಲು ಬಾರದು. ಸಂಕೇತ ತೀರಾ ಸೊರಗುವ ಮೊದಲೇ ಬಲ ತುಂಬಿದರೆ ಗದ್ದಲ ಕಡಿಮೆ ಕಾಡುತ್ತದೆ. ಅದಕ್ಕಾಗಿ ದೂರದ ಸಮುದ್ರ ಕೇಬಲ್‌ಗಳಲ್ಲಿ ವರ್ಧಕಗಳನ್ನು ನೆಲದ ಮೇಲಿಗಿಂತ ಹತ್ತಿರ ಹತ್ತಿರ ಇಡುತ್ತಾರೆ.

ಬೆಳಕು ಬಲವಾದಂತೆ ಇನ್ನೊಂದು ವಿಚಿತ್ರ ಎದುರಾಯಿತು. ಒಂದು ಬಿಟ್‌ನ ಬೆಳಕಿನಲ್ಲಿ ಸ್ವಲ್ಪ ಬೇರೆ ಬೇರೆ ತರಂಗಾಂತರಗಳು ಇರುತ್ತವೆ. ಗಾಜಿನಲ್ಲಿ ಅವು ಒಂದೇ ವೇಗದಲ್ಲಿ ಓಡುವುದಿಲ್ಲ. ಬಿಟ್ ಹರಡಿಕೊಂಡು ಪಕ್ಕದ ಬಿಟ್ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು 1550 ನ್ಯಾನೋಮೀಟರ್‌ನಲ್ಲಿ ಈ ಹರಡುವಿಕೆ ಸೊನ್ನೆಯಾಗುವ ಫೈಬರ್ ತಯಾರಿಸಿದರು. ಜಪಾನಿನಲ್ಲಿ ಅದನ್ನು ಬಹಳ ಹಾಸಿದರು. ಆಮೇಲೆ ಎರ್ಬಿಯಂ ಬಂತು, ಹಲವು ತರಂಗಾಂತರಗಳು ಒಟ್ಟಿಗೆ ಹೊರಟವು. ಹರಡುವಿಕೆ ಇಲ್ಲದ್ದರಿಂದ ಅವೆಲ್ಲ ಹೆಜ್ಜೆ ತಪ್ಪದೆ ಜೊತೆಯಾಗಿ ನಡೆದು, ಗಾಜಿನಲ್ಲಿ ಒಂದರೊಡನೊಂದು ಬೆರೆತು, ಯಾರೂ ಕಳಿಸದ ಹೊಸ ತರಂಗಾಂತರಗಳನ್ನು ಹುಟ್ಟಿಸಿದವು. ಒಂದು ಬೆಳಕಿಗೆ ವರವಾಗಿದ್ದ ಫೈಬರ್ ಹಲವು ಬೆಳಕಿಗೆ ಶಾಪವಾಯಿತು. ಈಗ ಹರಡುವಿಕೆ ಇರುವ ಫೈಬರ್ರನ್ನೇ ಬೇಕೆಂದು ಆರಿಸುತ್ತಾರೆ. ಹರಡಿದ್ದನ್ನು ದಡದಲ್ಲಿ ಚಿಪ್ ಲೆಕ್ಕ ಹಾಕಿ ಸರಿಪಡಿಸುತ್ತದೆ.

ಎರ್ಬಿಯಂಗೆ ಒಬ್ಬ ಜೊತೆಗಾರನೂ ಇದ್ದಾನೆ, ಅವನ ಹೆಸರು ನಮಗೆ ಚೆನ್ನಾಗಿ ಗೊತ್ತು. ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮವನ್ನೇ ಬಳಸಿ ಮಾಮೂಲಿ ಫೈಬರ್‌ನಲ್ಲೂ ಬೆಳಕನ್ನು ಹಿಗ್ಗಿಸಬಹುದು. 1455 ನ್ಯಾನೋಮೀಟರ್‌ನ ಬಲವಾದ ಬೆಳಕು ಬಿಟ್ಟರೆ ಗಾಜಿನ ಅಣುಗಳ ಕಂಪನದ ಮೂಲಕ ಅದರ ಶಕ್ತಿ 1555ರ ಆಸುಪಾಸಿನ ಸಂಕೇತಕ್ಕೆ ಹೋಗುತ್ತದೆ. ಎರ್ಬಿಯಂ ಬೆರೆಸುವ ಅಗತ್ಯವೇ ಇಲ್ಲ. ಹಾಸಿದ ಫೈಬರ್ರೇ ವರ್ಧಕ. ಉದ್ದದ ಹಾದಿಗಳಲ್ಲಿ ಎರ್ಬಿಯಂ ಜೊತೆ ಇದನ್ನೂ ಬಳಸುತ್ತಾರೆ. ಬೆಂಗಳೂರಿನಲ್ಲಿ ತಮ್ಮ ಸಂಸ್ಥೆ ಕಟ್ಟಿದ ರಾಮನ್ ತೀರಿಕೊಂಡದ್ದು 1970ರ ನವೆಂಬರ್‌ನಲ್ಲಿ, ಕಾರ್ನಿಂಗ್ ಫೈಬರ್ ಹುಟ್ಟಿದ ವರ್ಷವೇ. ತಮ್ಮ ಪರಿಣಾಮ ಸಾವಿರಾರು ಕಿಲೋಮೀಟರ್ ಗಾಜಿನೊಳಗೆ ದುಡಿಯುವುದನ್ನು ಅವರು ನೋಡಲಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

2020ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ನಡುವೆ ಹಾಕಿದ ಡ್ಯುನಾಂಟ್ ಕೇಬಲ್ಲಿನಲ್ಲಿ 12 ಜೋಡಿ ಎಳೆಗಳಿವೆ. ಅದರ ಸಾಮರ್ಥ್ಯ ಸೆಕೆಂಡಿಗೆ 250 ಟೆರಾಬಿಟ್. ಟ್ಯಾಟ್-8ಕ್ಕಿಂತ ನಾಲ್ಕು ಲಕ್ಷ ಪಟ್ಟಿಗೂ ಜಾಸ್ತಿ. ಈಗ ಕಟ್ಟು ಬಿದ್ದಿರುವುದು ವಿದ್ಯುತ್ತಿಗೆ. ಸಮುದ್ರದಲ್ಲಿರುವ ಅಷ್ಟೂ ಪಂಪ್ ಲೇಸರ್‌ಗಳಿಗೆ ದಡದಿಂದಲೇ, ಕೇಬಲ್ಲಿನೊಳಗಿನ ತಾಮ್ರದ ಮೂಲಕ, ಸಾವಿರಾರು ವೋಲ್ಟ್‌ನಲ್ಲಿ ವಿದ್ಯುತ್ ಹೋಗಬೇಕು. ಹಾಗಾಗಿ ಕೆಲವು ಪಂಪ್ ಲೇಸರ್‌ಗಳನ್ನು ಹಲವು ಎಳೆಗಳು ಹಂಚಿಕೊಳ್ಳುವ, ಪ್ರತಿ ಎಳೆಗೂ ಸ್ವಲ್ಪ ಕಡಿಮೆ ಬೆಳಕು ಕೊಟ್ಟು ಎಳೆಗಳ ಸಂಖ್ಯೆ ಹೆಚ್ಚಿಸುವ ದಾರಿ ಹಿಡಿದಿದ್ದಾರೆ.

ಸೌತಾಂಪ್ಟನ್ನಿನಲ್ಲೇ ಬೆಳೆದ ಇನ್ನೊಂದು ಸಂಶೋಧನೆ ಈಗ ಬುಡವನ್ನೇ ಅಲುಗಾಡಿಸುತ್ತಿದೆ. ಅದು ನಡುವೆ ಟೊಳ್ಳಿರುವ ಫೈಬರ್. ಬೆಳಕು ಗಾಜಿನಲ್ಲಿ ಸಾಗದೆ, ತೆಳು ಗಾಜಿನ ಕೊಳವೆಗಳು ಸುತ್ತುವರಿದ ಗಾಳಿಯಲ್ಲಿ ಸಾಗುತ್ತದೆ. ಗಾಜಿನಲ್ಲಿ ಹೋಗುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೇಗ ಹೋಗುತ್ತದೆ. 2025ರಲ್ಲಿ ಅವರು ಕಿಲೋಮೀಟರಿಗೆ 0.091 ಡೆಸಿಬೆಲ್ ನಷ್ಟದ ಇಂಥ ಫೈಬರ್ ವರದಿ ಮಾಡಿದರು. ಗಟ್ಟಿ ಗಾಜು ಎಂದೂ ಮುಟ್ಟದ ಅಂಕಿ. ಆದರೂ 1000 ಕಿಲೋಮೀಟರಿಗೆ 91 ಡೆಸಿಬೆಲ್ ಆಯಿತು, ವರ್ಧಕ ಬೇಕೇ ಬೇಕು. ಗಾಳಿಗೆ ಎರ್ಬಿಯಂ ಬೆರೆಸಲು ಬರುವುದಿಲ್ಲ. ಗಾಜಿನ ಸುರುಳಿಯನ್ನೇ ಟೊಳ್ಳು ಫೈಬರ್‌ಗೆ ಜೋಡಿಸಬೇಕು, ಆ ಜೋಡಣೆಯಲ್ಲಿ ಬೆಳಕು ಹಿಂದಕ್ಕೆ ಚಿಮ್ಮದಂತೆ ನೋಡಿಕೊಳ್ಳಬೇಕು. ಇದರ ಜೊತೆಗೆ ಟೊಳ್ಳು ಫೈಬರ್‌ಗೆ 1550ರ ಕಿಂಡಿಯ ಹಂಗಿಲ್ಲ. ಬಹಳ ಅಗಲದ ತರಂಗಾಂತರಗಳಲ್ಲಿ ಅದರ ನಷ್ಟ ಕಡಿಮೆಯೇ. ಗಾಜಿನ ಕಾರಣಕ್ಕೆ 1550ಕ್ಕೆ ಬಂದ ನಾವು ಈಗ ಅಲ್ಲಿ ಉಳಿದಿದ್ದರೆ ಅದಕ್ಕೆ ದೊಡ್ಡ ಕಾರಣ ಎರ್ಬಿಯಂ. 1060ರ ಹತ್ತಿರ ಕೆಲಸ ಮಾಡುವ ಇಟರ್ಬಿಯಂ, 2000ದ ಹತ್ತಿರ ಕೆಲಸ ಮಾಡುವ ಥೂಲಿಯಂ, ಇವೆರಡರ ನಡುವಿನ ಹಲವು ಜಾಗಗಳನ್ನು ತುಂಬಬಲ್ಲ ಬಿಸ್ಮತ್ ಬೆರೆಸಿದ ಫೈಬರ್‌ಗಳ ಮೇಲೆ ಈಗ ಪ್ರಯೋಗಗಳು ನಡೆದಿವೆ.